ಅಡಗಿ ಆಡುವ ಆಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗೆಳೆಯರು, ಕಾಲೇಜಿನ ಹುಡುಗ ಹುಡುಗಿಯರು, ಒಮ್ಮೊಮ್ಮೆ ಅವರ ತಂದೆ ತಾಯಂದಿರು ಮಾತಿಗೆ ಸಿಕ್ಕಾಗ ಸ್ಟೆಲ್ತ್, ಅಂದರೆ ಅಡಗಿ ಆಡುವ ವಿಡಿಯೊ ಗೇಮ್‌ಗಳ ಬಗ್ಗೆ ಕೇಳಿದ ಅಥವಾ ಬರೆದು ಕಳಿಸಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ತಾರೀಖು ಮತ್ತು ವಿವರಗಳು 2026ರ ಆರಂಭದವರೆಗೆ ಪ್ರಕಟವಾದವು, ಅಭಿಪ್ರಾಯಗಳು ನನ್ನವು.

## ಆರಂಭದ ಪ್ರಶ್ನೆಗಳು

ಸ್ಟೆಲ್ತ್ ಗೇಮ್ ಅಂದ್ರೆ ಸುಮ್ನೆ ಬಚ್ಚಿಟ್ಕೊಂಡು ಕೂರೋದಾ?

ಬಚ್ಚಿಟ್ಟುಕೊಳ್ಳುವುದು ಅದರಲ್ಲಿ ಅರ್ಧ ಭಾಗ ಮಾತ್ರ. ಸಾಮಾನ್ಯ ಆ್ಯಕ್ಷನ್ ಆಟದಲ್ಲಿ ಗುಂಡು, ಕತ್ತಿ, ಕೈಬೆರಳಿನ ಚುರುಕು ಆಟಗಾರನ ಬಂಡವಾಳವಾದರೆ, ಸ್ಟೆಲ್ತ್ ಆಟದಲ್ಲಿ ಎದುರಾಳಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬ ಲೆಕ್ಕವೇ ಬಂಡವಾಳ. ಕಾವಲುಗಾರ ಎಷ್ಟು ಹೊತ್ತಿಗೊಮ್ಮೆ ತಿರುಗುತ್ತಾನೆ, ಯಾವ ದೀಪ ಆರಿಸಿದರೆ ಯಾರು ಬಂದು ನೋಡುತ್ತಾರೆ, ಸದ್ದು ಎಲ್ಲಿಯವರೆಗೆ ಕೇಳುತ್ತದೆ ಎಂಬುದನ್ನು ಗಮನಿಸಿ, ಕಾದು, ಸರಿಯಾದ ಕ್ಷಣದಲ್ಲಿ ಹೆಜ್ಜೆ ಇಡುವುದು ಇದರ ಸುಖ. 1998ಕ್ಕಿಂತ ಹಿಂದೆಯೂ ಇಂಥ ಆಟಗಳಿದ್ದವು. ಆದರೆ ಮೆಟಲ್ ಗಿಯರ್ ಸಾಲಿಡ್, ಥೀಫ್, ತೆಂಚು ಮೂರೂ ಬಂದ ಆ ವರ್ಷ ಈ ಪ್ರಕಾರಕ್ಕೆ ಒಂದು ಸ್ಪಷ್ಟ ರೂಪ ಸಿಕ್ಕಿತು.

ಕಣ್ಣಾಮುಚ್ಚಾಲೆಯಲ್ಲಿ ಸಿಕ್ಕವನು ಔಟ್, ಅಲ್ಲಿಗೆ ಮುಗಿಯಿತು. ಒಳ್ಳೆಯ ಸ್ಟೆಲ್ತ್ ಆಟದಲ್ಲಿ ಹಾಗಲ್ಲ. ಸಿಕ್ಕಿಬಿದ್ದ ಮೇಲೆ ಎರಡನೆಯ ಆಟವೊಂದು ಶುರುವಾಗಬೇಕು. ಓಡಿ ಕತ್ತಲಲ್ಲಿ ಸೇರಿಕೊಳ್ಳಲು, ವೇಷ ಬದಲಿಸಲು, ಎದುರಾಳಿಯನ್ನು ದಾರಿ ತಪ್ಪಿಸಲು ಆಟ ಎಡೆ ಕೊಡುತ್ತದೆಯೇ? ಯಾಕೆ ಸಿಕ್ಕಿಬಿದ್ದೆವೆಂದು ನಮಗೆ ತಿಳಿಯುತ್ತದೆಯೇ? ಮುಂದಿನ ಉತ್ತರಗಳಲ್ಲಿ ನಾನು ಆಟಗಳನ್ನು ಅಳೆದಿರುವುದು ಈ ಎರಡು ಪ್ರಶ್ನೆಗಳಿಂದಲೇ.

ನಾವು ಸೈಬರ್ ಸೆಂಟರ್‌ನಲ್ಲಿ ಆಡ್ತಿದ್ದ ಐಜಿಐ ಕೂಡ ಸ್ಟೆಲ್ತ್ ಗೇಮೇನಾ?

ಹೌದು. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿ 2000ನೇ ಇಸವಿಯ ಕೊನೆಯಲ್ಲಿ ಬಂದ ಪ್ರಾಜೆಕ್ಟ್ ಐಜಿಐ ನಮ್ಮ ಕಡೆಯ ಒಂದಿಡೀ ತಲೆಮಾರಿಗೆ ಮೊದಲ ಸ್ಟೆಲ್ತ್ ಪಾಠವಾಗಿತ್ತು, ಅದು ಸ್ಟೆಲ್ತ್ ಎಂದು ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಸೈರನ್ ಕೂಗುತ್ತಿತ್ತು, ಸೈನಿಕರು ಹೊರಗೆ ನುಗ್ಗುತ್ತಿದ್ದರು. ಮಿಷನ್ ನಡುವೆ ಸೇವ್ ಮಾಡಿಕೊಳ್ಳುವ ಸೌಲಭ್ಯವೇ ಇರಲಿಲ್ಲ. ಕೊನೆಯ ಗೇಟಿನ ಹತ್ತಿರ ಸತ್ತರೂ ಮೊದಲಿಂದ ಶುರು ಮಾಡಬೇಕಿತ್ತು. ಗಂಟೆಗೆ ದುಡ್ಡು ಕೊಟ್ಟು ಕೂತವರಿಗೆ ಅದು ದುಬಾರಿಯ ಶಿಕ್ಷೆ. ಇವತ್ತಿನ ಕಣ್ಣಿನಿಂದ ನೋಡಿದರೆ ಅದರ ಕಾವಲುಗಾರರಿಗೆ ಬುದ್ಧಿ ಕಡಿಮೆ, ನ್ಯಾಯವೂ ಕಡಿಮೆ. ಆದರೂ ಬೈನಾಕ್ಯುಲರ್ ಹಿಡಿದು ದೂರದ ಗುಡ್ಡದಿಂದ ಇಡೀ ಶಿಬಿರವನ್ನು ಮೊದಲು ಓದಿಕೊಳ್ಳಬೇಕು ಎಂಬ ಅಭ್ಯಾಸವನ್ನು ಅದು ಚೆನ್ನಾಗಿಯೇ ಕಲಿಸಿತು.

ಹಳೇ ಲ್ಯಾಪ್‌ಟಾಪ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವುದು ಓಡುತ್ತೆ?

ಹೊಸ ದೊಡ್ಡ ಆಟಗಳನ್ನು ಮರೆತುಬಿಡುವುದು ಒಳ್ಳೆಯದು. ಉದಾಹರಣೆಗೆ ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್ ಕನಿಷ್ಠವೆಂದರೂ 16 ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಯಲ್ಲಿ ನೂರು ಜಿಬಿಗೂ ಹೆಚ್ಚು ಜಾಗ ಕೇಳುತ್ತದೆ. ನಿಮ್ಮಲ್ಲಿರುವ ಯಂತ್ರಕ್ಕೆ ನನ್ನ ಮೊದಲ ಆಯ್ಕೆ 2012ರ ಮಾರ್ಕ್ ಆಫ್ ದ ನಿಂಜಾ. ಪಕ್ಕದಿಂದ ನೋಡುವ, ಚಿತ್ರ ಬರೆದಂತಿರುವ ಎರಡು ಆಯಾಮದ ಆಟವಾದರೂ ಸದ್ದು ಎಷ್ಟು ದೂರ ಹಬ್ಬುತ್ತದೆ ಎಂಬುದನ್ನು ಪರದೆಯ ಮೇಲೆ ವೃತ್ತದ ಅಲೆಯಾಗಿ ತೋರಿಸುತ್ತದೆ. ಓಡಿದರೆ ದೊಡ್ಡ ವೃತ್ತ, ಮೆಲ್ಲಗೆ ನಡೆದರೆ ವೃತ್ತವೇ ಇಲ್ಲ. ಯಾಕೆ ಸಿಕ್ಕಿಬಿದ್ದೆ ಎಂಬ ಗೊಂದಲಕ್ಕೆ ಅಲ್ಲಿ ಜಾಗವೇ ಇಲ್ಲ. ಅದಾದ ಮೇಲೆ ಯಂತ್ರ ಸ್ವಲ್ಪ ಗಟ್ಟಿಯಾಗಿದ್ದರೆ ಅದೇ 2012ರ ಡಿಸ್‌ಆನರ್ಡ್, ಮೇಲಿನಿಂದ ನೋಡಿ ಐದು ಪಾತ್ರಗಳನ್ನು ನಡೆಸುವ 2016ರ ಶ್ಯಾಡೋ ಟ್ಯಾಕ್ಟಿಕ್ಸ್. ರಿಯಾಯಿತಿ ದಿನಗಳಲ್ಲಿ ಇವು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ.

ನಮ್ಮೂರಲ್ಲಿ ನೆಟ್ ಸರಿಯಿಲ್ಲ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಆಡೋಕಾಗುತ್ತಾ?

ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರದ ಕಡೆಯವರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಒಬ್ಬರೇ ಆಡುವ ಬಹುತೇಕ ಸ್ಟೆಲ್ತ್ ಆಟಗಳಿಗೆ ಆಡುವಾಗ ಇಂಟರ್ನೆಟ್ ಬೇಕಿಲ್ಲ, ಇಳಿಸಿಕೊಳ್ಳುವಾಗ ಮಾತ್ರ ಬೇಕು. ದಿನಕ್ಕೆ ಒಂದೂವರೆ, ಎರಡು ಜಿಬಿ ಕೊಡುವ ಮೊಬೈಲ್ ಪ್ಯಾಕಿನಲ್ಲಿ ನೂರು ಜಿಬಿ ಆಟವನ್ನು ಇಳಿಸುವುದು ನಡೆಯದ ಮಾತು. ಫೈಬರ್ ಸಂಪರ್ಕ ಇರುವ ನೆಂಟರ ಮನೆಗೆ ಯಂತ್ರವನ್ನೇ ಒಯ್ದು ಇಳಿಸಿಕೊಂಡು ಬರುವವರಿದ್ದಾರೆ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಯಂತ್ರ ಇರುವವರಿಗೆ ಡಿಸ್ಕ್ ಈಗಲೂ ಉಪಯುಕ್ತ. ಒಂದು ಮುಖ್ಯ ಅಪವಾದ, ಬಾಡಿಗೆ ಕೊಲೆಗಾರನಾಗಿ ಆಡುವ ಹಿಟ್‌ಮ್ಯಾನ್ ವರ್ಲ್ಡ್ ಆಫ್ ಅಸ್ಯಾಸಿನೇಷನ್. ಅದು ಒಬ್ಬರೇ ಆಡುವ ಆಟವಾದರೂ ಗಳಿಸಿದ ಆಯುಧ, ಹೊಸ ಪ್ರವೇಶ ಜಾಗಗಳು ದಾಖಲಾಗಬೇಕಾದರೆ ಇಂಟರ್ನೆಟ್ ಇರಲೇಬೇಕು. ಇಷ್ಟು ಒಳ್ಳೆಯ ಆಟಕ್ಕೆ ಇಂಥದ್ದೊಂದು ಷರತ್ತು ಹಾಕಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಕರೆಂಟಿನ ವಿಷಯಕ್ಕೆ ಬಂದರೆ, ಸೇವ್ ಆಗುತ್ತಿರುವ ಕ್ಷಣದಲ್ಲೇ ಯಂತ್ರ ಆರಿದರೆ ಆ ಫೈಲು ಕೆಡುವ ಸಂಭವವಿದೆ. ಆದ್ದರಿಂದ ಎರಡು ಮೂರು ಬೇರೆ ಬೇರೆ ಸೇವ್ ಇಟ್ಟುಕೊಳ್ಳಿ, ಸಾಧ್ಯವಿದ್ದರೆ ಚಿಕ್ಕದೊಂದು ಯುಪಿಎಸ್ ಹಾಕಿಸಿ.

ಮಗ ಪಿಯುಸಿ ಓದ್ತಿದ್ದಾನೆ, ಕೊಲೆ ಮಾಡೋ ಗೇಮ್ ಕೊಡಿಸು ಅಂತಾನೆ. ಕೊಡಿಸಬಹುದಾ?

ಆಟದ ಪೆಟ್ಟಿಗೆಯ ಮೇಲೆ ಅಥವಾ ಅದನ್ನು ಮಾರುವ ಪುಟದಲ್ಲಿ ವಯಸ್ಸಿನ ಗುರುತು ಇರುತ್ತದೆ, ಮೊದಲು ಅದನ್ನು ನೋಡಿ. ಯುರೋಪಿನ ಪೆಗಿ ಮಂಡಳಿ ಹಿಟ್‌ಮ್ಯಾನ್, ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್, ಘೋಸ್ಟ್ ಆಫ್ ಯೋಟೇಯಿ ಆಟಗಳಿಗೆ 18 ಎಂಬ ಗುರುತು ಕೊಟ್ಟಿದೆ. ಅದು ಅಲಂಕಾರಕ್ಕೆ ಹಾಕಿದ ಸಂಖ್ಯೆಯಲ್ಲ. ಶ್ಯಾಡೋಸ್ ಮತ್ತು ಯೋಟೇಯಿಯಲ್ಲಿ ರಕ್ತಪಾತ ಧಾರಾಳವಾಗಿದೆ. ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿಗೆ 16 ಎಂಬ ಗುರುತಿರುವುದರಿಂದ ಪಿಯುಸಿ ಹುಡುಗನಿಗೆ ಅದು ಸರಿಹೋಗುತ್ತದೆ. ಕೊಡಿಸುವುದೋ ಬೇಡವೋ ಎಂಬ ತೀರ್ಮಾನ ನಿಮ್ಮದು. ಕೊಡಿಸುವ ಮುನ್ನ ಅರ್ಧ ಗಂಟೆ ಪಕ್ಕದಲ್ಲಿ ಕೂತು ಅವನು ಆಡುವುದನ್ನು ನೋಡಿದರೆ ಆ ತೀರ್ಮಾನ ಸುಲಭವಾಗುತ್ತದೆ.

ಸರ್ಕಾರ ಗೇಮ್ ಎಲ್ಲಾ ಬ್ಯಾನ್ ಮಾಡಿದೆಯಂತೆ, ನಿಜಾನಾ?

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು. ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ಆಡುವ ಇಂಥ ಆಟಗಳಿಗೂ ಅದಕ್ಕೂ ಸಂಬಂಧವಿಲ್ಲ.

## ಇತ್ತೀಚೆಗೆ ಬಂದವು

ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್ ದುಡ್ಡಿಗೆ ತಕ್ಕ ಹಾಗಿದೆಯಾ?

ನಾಓಯೆ ಎಂಬ ಪಾತ್ರವಾಗಿ ಆಡುವ ಮನಸ್ಸಿದ್ದರೆ ಇದೆ. ಎರಡು ಬಾರಿ ಮುಂದೂಡಲ್ಪಟ್ಟು 2025ರ ಮಾರ್ಚ್ 20ರಂದು ಬಂದ ಈ ಆಟ ಹದಿನಾರನೇ ಶತಮಾನದ ಕೊನೆಯ ಜಪಾನಿನಲ್ಲಿ ನಡೆಯುತ್ತದೆ. ಇಬ್ಬರು ನಾಯಕರಲ್ಲಿ ನಾಓಯೆ ಗುಟ್ಟಾಗಿ ನುಸುಳುವ ಶಿನೋಬಿ. ಜಪಾನಿನ ಸೇನಾಧಿಪತಿ ಓಡಾ ನೊಬುನಾಗಾನ ಆಶ್ರಯದಲ್ಲಿದ್ದ, ಇತಿಹಾಸದಲ್ಲಿ ನಿಜಕ್ಕೂ ಬದುಕಿದ್ದ ಆಫ್ರಿಕಾ ಮೂಲದ ಯಾಸುಕೆ ಬಾಗಿಲು ಒಡೆದು ನುಗ್ಗುವ ಸಮುರಾಯ್. ಈ ಸರಣಿಯಲ್ಲಿ ಬೆಳಕು ಮತ್ತು ಕತ್ತಲೆಗೆ ನಿಜವಾದ ಬೆಲೆ ಬಂದದ್ದು ಇಲ್ಲಿಯೇ. ನಾಓಯೆ ದೀಪಗಳನ್ನು ಆರಿಸಬಹುದು, ನೆಲಕ್ಕೆ ಒರಗಿ ತೆವಳಬಹುದು, ನೆರಳಿನಲ್ಲಿ ನಿಂತರೆ ಕೆಲವೇ ಅಡಿ ದೂರದಲ್ಲಿ ಹಾದುಹೋಗುವ ಕಾವಲುಗಾರನ ಕಣ್ಣಿನಿಂದಲೂ ತಪ್ಪಿಸಿಕೊಳ್ಳಬಹುದು.

ಕೋಟೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮಧುಗಿರಿ, ಗುಡಿಬಂಡೆಗಳಲ್ಲಿರುವಂತೆ ಬಂಡೆಯನ್ನೇ ಹತ್ತಿಕೊಂಡು ಹೋಗುವ ಕಲ್ಲಿನ ಗೋಡೆ. ಈ ಆಟದ ಕೋಟೆಗಳ ಒಳಗೆ ಮರದ ನೆಲ, ತೆಳು ಕಾಗದ ಅಂಟಿಸಿದ ಜಾರುಬಾಗಿಲು, ಒಳಗಿನ ದೀಪದಿಂದ ಹೊರಗೆ ಬೀಳುವ ಮನುಷ್ಯರ ನೆರಳು. ಆದ್ದರಿಂದ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವುದೇ ಒಂದು ಯೋಚನೆಯ ಕೆಲಸವಾಗುತ್ತದೆ. ಋತು ಬದಲಾದಂತೆ ಅಡಗುವ ಜಾಗವೂ ಬದಲಾಗುತ್ತದೆ: ಬೇಸಿಗೆಯಲ್ಲಿ ಮುಳುಗಿ ಕೂತ ಕೊಳ ಚಳಿಗಾಲದಲ್ಲಿ ಹೆಪ್ಪುಗಟ್ಟಿರುತ್ತದೆ.

ನನ್ನ ಅಳತೆಗೋಲಿನಲ್ಲೂ ಇದು ಚೆನ್ನಾಗಿ ಗೆಲ್ಲುತ್ತದೆ. ಸಿಕ್ಕಿಬಿದ್ದ ನಾಓಯೆ ಬಹು ಜನರ ಎದುರು ನಿಲ್ಲಲಾರಳು, ಆದರೆ ಹೊಗೆ ಎಬ್ಬಿಸಿ, ಹಗ್ಗ ಎಸೆದು ಮೇಲೇರಿ ಮಾಯವಾಗಬಲ್ಲಳು; ಸೋಲಿಗೂ ಗೆಲುವಿಗೂ ನಡುವೆ ವಿಶಾಲವಾದ ಜಾಗವಿದೆ. ಕೊರತೆ ಇರುವುದು ಬೇರೆ ಕಡೆ. ಭೂಪಟ ಅತಿ ದೊಡ್ಡದು, ಕೊಲ್ಲಬೇಕಾದವರ ಪಟ್ಟಿ ಅದಕ್ಕಿಂತ ಉದ್ದ, ಮೂವತ್ತು ಗಂಟೆಯ ಹೊತ್ತಿಗೆ ಕೋಟೆಗಳೆಲ್ಲ ಒಂದೇ ಎನಿಸತೊಡಗುತ್ತವೆ. ಸ್ಟೆಲ್ತ್ ಕಷ್ಟದ ಮಟ್ಟವನ್ನು ಪೂರ್ತಿ ಮೇಲಕ್ಕೆ ಏರಿಸಿ ಆಡಿ. ಆಗ ಮಾತ್ರ ಕಾವಲುಗಾರರು ತಲೆ ಎತ್ತಿ ಚಾವಣಿಯ ಮೇಲೂ ನೋಡುತ್ತಾರೆ.

ಮೆಟಲ್ ಗಿಯರ್ ಹಳೇದು ಆಡಿದ್ದೀನಿ. ಹೊಸ ಡೆಲ್ಟಾ ತಗೋಬೇಕಾ?

ಹಳೆಯದು ಚೆನ್ನಾಗಿ ನೆನಪಿದ್ದರೆ ಅವಸರ ಬೇಡ. ಮೆಟಲ್ ಗಿಯರ್ ಸಾಲಿಡ್ ಸರಣಿಯ 2004ರ ಮೂರನೇ ಆಟವನ್ನು ಕೊನಾಮಿ ಸಂಸ್ಥೆ ಹೊಸ ಎಂಜಿನ್‌ನಲ್ಲಿ, ಅಂದರೆ ಆಟ ಕಟ್ಟುವ ಹೊಸ ತಂತ್ರಾಂಶದಲ್ಲಿ, ಮತ್ತೆ ಕಟ್ಟಿ ಡೆಲ್ಟಾ ಎಂಬ ಹೆಸರಿನಲ್ಲಿ 2025ರ ಆಗಸ್ಟ್ 28ರಂದು ಬಿಡುಗಡೆ ಮಾಡಿತು. 1964ರ ಸೋವಿಯತ್ ಕಾಡಿನ ಕಥೆ, ಸಂಭಾಷಣೆ, ಹಳೆಯ ಧ್ವನಿ ಎಲ್ಲವೂ ಹಾಗೆಯೇ ಉಳಿದಿವೆ. ಬದಲಾದದ್ದು ಎಲೆ, ಮಣ್ಣು, ಮುಖಗಳ ವಿವರ ಮತ್ತು ನಡೆಸುವ ರೀತಿ. ಮೊದಲ ಬಾರಿ ಆಡುವವರಿಗೆ ಮಾತ್ರ ಇದನ್ನು ಕಣ್ಣು ಮುಚ್ಚಿ ಕೊಳ್ಳಿ ಎನ್ನುತ್ತೇನೆ. ಪರದೆಯ ಮೂಲೆಯಲ್ಲಿ ನೀವು ಎಷ್ಟು ಮರೆಯಾಗಿದ್ದೀರಿ ಎಂಬುದನ್ನು ಶೇಕಡಾವಾರು ತೋರಿಸುವ ಒಂದು ಅಂಕಿ ಇರುತ್ತದೆ. ಬಟ್ಟೆಯ ಬಣ್ಣ, ಮುಖಕ್ಕೆ ಬಳಿದ ಬಣ್ಣ, ಮಲಗಿರುವ ನೆಲ ಮೂರೂ ಹೊಂದಿದರೆ ಅದು ತೊಂಬತ್ತು ದಾಟುತ್ತದೆ; ಎದ್ದು ನಿಂತ ತಕ್ಷಣ ಕುಸಿಯುತ್ತದೆ. ಮೈಗಾದ ಗಾಯದ ಗುರುತು ಹೊಸ ಆವೃತ್ತಿಯಲ್ಲಿ ಕೊನೆಯವರೆಗೂ ಉಳಿಯುತ್ತದೆ.

ರೂಢಿ ಬಿಟ್ಟು ನಡೆಯುವ ಈ ಆಟದ ಧೈರ್ಯ ಇಂದಿನ ದೊಡ್ಡ ಆಟಗಳಲ್ಲಿ ಅಪರೂಪ ಎನ್ನಲು ಒಂದು ಉದಾಹರಣೆ ಸಾಕು. ಕಾಡಿನಲ್ಲಿ ಅಡಗಿ ಗುಂಡು ಹಾರಿಸುವ ಮುದುಕನೊಬ್ಬನೊಂದಿಗೆ ಗಂಟೆಗಟ್ಟಲೆ ಸೆಣಸುವ ಭಾಗವಿದೆ. ಮೂಲ ಆಟದಲ್ಲಿ ಆ ಹೋರಾಟದ ನಡುವೆ ಸೇವ್ ಮಾಡಿ, ಯಂತ್ರದ ಗಡಿಯಾರವನ್ನು ಒಂದು ವಾರ ಮುಂದಕ್ಕೆ ತಿರುಗಿಸಿ ಮರಳಿದರೆ, ಆತ ವಯಸ್ಸಾಗಿ ತಾನೇ ಸತ್ತಿರುತ್ತಾನೆ.

ಯೋಟೇಯಿ ಮತ್ತು ಶ್ಯಾಡೋಸ್ ಎರಡರಲ್ಲಿ ಒಂದನ್ನೇ ಕೊಳ್ಳೋದಾದ್ರೆ ಯಾವುದು?

ಕತ್ತಿ ಹಿಡಿದು ಎದುರಾಗುವುದು ಇಷ್ಟವಾದರೆ ಘೋಸ್ಟ್ ಆಫ್ ಯೋಟೇಯಿ, ನುಸುಳುವುದು ಇಷ್ಟವಾದರೆ ಶ್ಯಾಡೋಸ್. ಯೋಟೇಯಿ 2025ರ ಅಕ್ಟೋಬರ್ 2ರಂದು ಪ್ಲೇಸ್ಟೇಷನ್ 5ಕ್ಕೆ ಬಂತು. 1603ರ ಎಜೋ ಪ್ರಾಂತ್ಯ, ಅಂದರೆ ಇಂದಿನ ಹೊಕ್ಕೈಡೋ, ಅದರ ನೆಲ. ಕುಟುಂಬವನ್ನು ಕೊಂದ ಆರು ಮಂದಿಯನ್ನು ಹುಡುಕಿಕೊಂಡು ಹೊರಟ ಅತ್ಸು ಎಂಬ ಹೆಣ್ಣಿನ ಸೇಡಿನ ಕಥೆ ಅದು. ಗಾಳಿ ಬೀಸಿದ ಕಡೆಗೆ ದಾರಿ ತೋರುವ, ಹುಲ್ಲುಗಾವಲಿನಲ್ಲಿ ಕುದುರೆ ಓಡಿಸುವ ಸುಖಕ್ಕೆ ಸಾಟಿಯಿಲ್ಲ. ಸ್ಟೆಲ್ತ್ ಮಾತ್ರ ಅಲ್ಲಿ ಹೆಚ್ಚೇನೂ ಬೆಳೆದಿಲ್ಲ. ಕುಡುಗೋಲಿಗೆ ಸರಪಳಿ ಕಟ್ಟಿದ ಕುಸರಿಗಾಮಾ ಎಸೆದು ದೂರದಿಂದಲೇ ಸದ್ದಿಲ್ಲದೆ ಕೊಲ್ಲುವುದೊಂದು ಚೆಂದದ ಹೊಸತು. ಆದರೆ ಸಿಕ್ಕಿಬಿದ್ದರೆ ಆಗುವುದಿಷ್ಟೇ: ಬಹಳ ಸೊಗಸಾದ ಕತ್ತಿ ಕಾಳಗ. ಸಿಕ್ಕಿಬೀಳುವುದೇ ಹೆಚ್ಚು ಖುಷಿ ಕೊಡುವಾಗ ಅಡಗಿ ಕೂರುವವರು ಯಾರು?

ಸ್ಟಾರ್ ವಾರ್ಸ್ ಔಟ್‌ಲಾಸ್, ಇಂಡಿಯಾನಾ ಜೋನ್ಸ್ ಹೇಗಿವೆ?

ಔಟ್‌ಲಾಸ್ 2024ರ ಆಗಸ್ಟ್‌ನಲ್ಲಿ ಬಂದಾಗ ಕೆಲವು ಮಿಷನ್‌ಗಳಲ್ಲಿ ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಮಿಷನ್ ವಿಫಲವಾಗಿ ಹಿಂದಿನಿಂದ ಶುರುವಾಗುತ್ತಿತ್ತು. ಆಟಗಾರರು ಬೈದರು, ನವೆಂಬರ್‌ನ ಅಪ್‌ಡೇಟಿನಲ್ಲಿ ಆ ನಿಯಮವನ್ನು ತೆಗೆದರು. ಈಗ ಆಡುವವರಿಗೆ ಅದು ಸಹ್ಯವಾದ ಆಟ, ಅಷ್ಟಕ್ಕಿಂತ ಹೆಚ್ಚಲ್ಲ.

ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್ ಅದಕ್ಕಿಂತ ಬಹಳ ಮೇಲು. 2024ರ ಡಿಸೆಂಬರ್‌ನಲ್ಲಿ ಬಂದ ಇದು 2025ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್‌ಗೂ ಬಂತು. ವೇಷ ಹಾಕಿಕೊಂಡು ವ್ಯಾಟಿಕನ್ ಅಂಗಳದಲ್ಲಿ ರಾಜಾರೋಷವಾಗಿ ಓಡಾಡಬಹುದು, ಮೇಲಧಿಕಾರಿಗಳ ಕಣ್ಣು ತಪ್ಪಿಸಿದರೆ ಆಯಿತು. ಸಿಕ್ಕಿಬಿದ್ದರೆ ಕೈಗೆ ಸಿಕ್ಕ ಪೊರಕೆ, ಸುತ್ತಿಗೆ, ಗಿಟಾರ್ ಎತ್ತಿಕೊಂಡು ಬಡಿದಾಡಬೇಕು, ಬಂದೂಕು ಹಾರಿಸಿದರೆ ಊರೆಲ್ಲ ಓಡಿ ಬರುತ್ತದೆ. ನಗು ತರಿಸುವ ಸ್ಟೆಲ್ತ್ ಆಟಗಳು ಕಡಿಮೆ, ಇದು ಅವುಗಳಲ್ಲೊಂದು.

## ಬರಲಿರುವವು

007 ಫಸ್ಟ್ ಲೈಟ್ ಹಿಟ್‌ಮ್ಯಾನ್ ಥರಾನೇ ಇರುತ್ತಾ?

ಹಿಟ್‌ಮ್ಯಾನ್ ಮಾಡಿದ ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ ಸಂಸ್ಥೆಯೇ ಇದನ್ನು ಮಾಡುತ್ತಿರುವುದರಿಂದ ಹೋಲಿಕೆ ಸಹಜ. 2026ರ ಮಾರ್ಚ್‌ಗೆ ಎಂದಿದ್ದ ಬಿಡುಗಡೆಯನ್ನು ಮೇ 27ಕ್ಕೆ ಮುಂದೂಡಿದ್ದಾರೆ. ಇಲ್ಲಿರುವುದು ಇನ್ನೂ 007 ಎನಿಸಿಕೊಳ್ಳದ, ಇಪ್ಪತ್ತಾರರ ಯುವಕ ಜೇಮ್ಸ್ ಬಾಂಡ್. ತೋರಿಸಿರುವ ಭಾಗಗಳನ್ನು ನೋಡಿದರೆ ಓಟ, ಕಾರು, ಸ್ಫೋಟಗಳ ಪಾಲು ಹಿಟ್‌ಮ್ಯಾನ್‌ಗಿಂತ ಬಹಳ ಹೆಚ್ಚು. ನನಗೆ ಕುತೂಹಲ ಹುಟ್ಟಿಸಿದ್ದು ಎರಡು ಸಂಗತಿಗಳು. ಒಂದು, ಸಿಕ್ಕಿಬಿದ್ದಾಗ ಬಾಯಿಮಾತಿನಲ್ಲೇ ಬುರುಡೆ ಬಿಟ್ಟು ಪಾರಾಗುವ ಅವಕಾಶ. ಇನ್ನೊಂದು, ಎದುರಾಳಿ ಪ್ರಾಣ ತೆಗೆಯಲು ಮುಂದಾದ ಮೇಲಷ್ಟೇ ಗುಂಡು ಹಾರಿಸಲು ಬಿಡುವ ನಿಯಮ. ಅಡಗುವುದಕ್ಕೂ ಗುಂಡಿನ ಚಕಮಕಿಗೂ ನಡುವೆ ಇನ್ನೊಂದು ಮೆಟ್ಟಿಲನ್ನು ಇದು ನಿಜಕ್ಕೂ ಕಟ್ಟಿದರೆ, 2026ರ ಮುಖ್ಯ ಆಟ ಇದೇ. ಆದರೂ ಮುಂಗಡ ಹಣ ಕಟ್ಟಬೇಡಿ. ಆಯ್ದು ತೋರಿಸಿದ ತುಣುಕಿನಲ್ಲಿ ಕಾವಲುಗಾರರ ಬುದ್ಧಿ ಎಷ್ಟೆಂದು ಯಾವತ್ತೂ ಗೊತ್ತಾಗುವುದಿಲ್ಲ.

ಜಿಟಿಎ 6, ವುಲ್ವರಿನ್, ಸ್ಪ್ಲಿಂಟರ್ ಸೆಲ್ ಯಾವಾಗ?

ಜಿಟಿಎ 6 ಎರಡು ಬಾರಿ ಮುಂದೆ ಹೋಗಿ ಈಗ 2026ರ ನವೆಂಬರ್ 19ಕ್ಕೆ ನಿಂತಿದೆ. ವುಲ್ವರಿನ್ ಪ್ಲೇಸ್ಟೇಷನ್ 5ಕ್ಕೆ 2026ರಲ್ಲೇ ಬರಲಿದೆ; ತೋರಿಸಿದ್ದರಲ್ಲಿ ಅಡಗುವುದಕ್ಕಿಂತ ಸೀಳುವುದೇ ಹೆಚ್ಚು. ಸ್ಪ್ಲಿಂಟರ್ ಸೆಲ್ ಅನ್ನು ಮತ್ತೆ ಕಟ್ಟುತ್ತೇವೆ ಎಂದು ಯುಬಿಸಾಫ್ಟ್ ಘೋಷಿಸಿದ್ದು 2021ರ ಡಿಸೆಂಬರ್‌ನಲ್ಲಿ. ಅದಕ್ಕಾಗಿ ಕಾಯುವವರು ಅಷ್ಟರಲ್ಲಿ ಅದೇ ಸರಣಿಯ 2005ರ ಕೇಯಾಸ್ ಥಿಯರಿಯನ್ನು ಆಡಿ ಮುಗಿಸಬಹುದು.

## ಆಡಿ ಪಳಗಿದವರಿಗೆ

ಕಾವಲುಗಾರನಿಗೆ ನಾವು ಕಾಣ್ತಿದ್ದೀವಿ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತೆ?

ಪ್ರತಿ ಕಾವಲುಗಾರನ ಕಣ್ಣಿನ ಮುಂದೆ ಅಗಲವಾಗುತ್ತ ಹೋಗುವ ಒಂದು ಅದೃಶ್ಯ ಶಂಕುವನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ನೀವು ಕಾಲಿಟ್ಟಾಗ ಆಟವು ಅವನ ಕಣ್ಣಿನಿಂದ ನಿಮ್ಮ ಮೈಯ ಕೆಲವು ಬಿಂದುಗಳಿಗೆ ಗೆರೆ ಎಳೆದು, ನಡುವೆ ಗೋಡೆಯೋ ಪೆಟ್ಟಿಗೆಯೋ ಅಡ್ಡ ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. ಅಡ್ಡವಿಲ್ಲದಿದ್ದರೆ ನೀವು ಎಷ್ಟು ಕಂಡಿರಿ ಎಂದು ಅಳೆಯುವ ಮಾಪಕವೊಂದು ತುಂಬತೊಡಗುತ್ತದೆ. ದೂರ, ಬೆಳಕು, ನೀವು ನಿಂತಿದ್ದೀರೋ ಮಲಗಿದ್ದೀರೋ ಎಂಬುದರ ಮೇಲೆ ಅದು ತುಂಬುವ ವೇಗ ನಿಂತಿದೆ. ಸದ್ದಿಗೆ ಬೇರೆ ಲೆಕ್ಕ. ಥೀಫ್ ಆಟದಲ್ಲಿ ಲೋಹದ ನೆಲದ ಮೇಲಿನ ಹೆಜ್ಜೆ ದೂರ ಕೇಳುತ್ತದೆ, ರತ್ನಗಂಬಳಿಯ ಮೇಲಿನದು ಕೇಳುವುದಿಲ್ಲ. ಕೇಯಾಸ್ ಥಿಯರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುತ್ತಲಿನ ಗದ್ದಲಕ್ಕಿಂತ ನಿಮ್ಮ ಸದ್ದು ಕಡಿಮೆಯಿದ್ದರೆ ಯಾರಿಗೂ ಕೇಳದಂತೆ ಮಾಡಿತು.

ಕಾವಲುಗಾರರು ಬೇಗ ಮರೆತುಬಿಡುತ್ತಾರೆ ಎಂದು ನಗುವವರಿದ್ದಾರೆ. ಅದು ಬುದ್ಧಿಯ ಕೊರತೆಯಲ್ಲ, ಬೇಕೆಂದೇ ಮಾಡಿದ್ದು. ಅವರು ನಿಜವಾದ ಮನುಷ್ಯರಂತೆ ಬೆಳಗಿನವರೆಗೂ ಎಚ್ಚರವಾಗಿದ್ದರೆ ಒಂದು ತಪ್ಪಿಗೇ ಆಟ ಮುಗಿಯುತ್ತದೆ. ಮರೆವಿಗೆ ಬದಲಾಗಿ ಕಲಿಕೆಯನ್ನು ಇಟ್ಟ ಜಾಣತನ ಮೆಟಲ್ ಗಿಯರ್ ಸರಣಿಯ 2015ರ ದ ಫ್ಯಾಂಟಮ್ ಪೇನ್‌ನಲ್ಲಿದೆ. ನೀವು ತಲೆಗೇ ಗುರಿಯಿಡುವವರಾದರೆ ಮುಂದಿನ ಮಿಷನ್‌ಗಳಲ್ಲಿ ಸೈನಿಕರು ಹೆಲ್ಮೆಟ್ ಹಾಕಿಕೊಂಡಿರುತ್ತಾರೆ.

ಹಿಟ್‌ಮ್ಯಾನ್‌ನಲ್ಲಿ ಮುಂಬೈ ಇದೆಯಂತೆ, ಚೆನ್ನಾಗಿದೆಯಾ?

2018ರ ಹಿಟ್‌ಮ್ಯಾನ್ 2ರಲ್ಲಿ ಬಂದ, ಈಗ ವರ್ಲ್ಡ್ ಆಫ್ ಅಸ್ಯಾಸಿನೇಷನ್‌ನಲ್ಲಿ ಸೇರಿರುವ ಮುಂಬೈ ನನ್ನ ಪ್ರಕಾರ ಈ ಪ್ರಕಾರದ ಅತ್ಯುತ್ತಮ ಲೆವೆಲ್‌ಗಳಲ್ಲೊಂದು. ಗುರಿಗಳು ಮೂರು: ಸಿನಿಮಾ ತೆಗೆಯುವ ದಾವೂದ್ ರಂಗನ್, ಕೊಳೆಗೇರಿಯನ್ನು ರಾಣಿಯಂತೆ ಆಳುವ ವಾನ್ಯಾ ಶಾ, ಮುಖವೇ ಯಾರಿಗೂ ಗೊತ್ತಿಲ್ಲದ ವಾಜಿರ್ ಕಾಳೆ. ಮೂರನೆಯವನನ್ನು ಕೊಲ್ಲುವ ಮೊದಲು ಸಾವಿರ ಜನರ ನಡುವೆ ಅವನು ಯಾರೆಂದು ಪತ್ತೆ ಹಚ್ಚಬೇಕು. ಕ್ಷೌರಿಕನ ವೇಷ ಹಾಕಿ ಅವನ ಗಡ್ಡಕ್ಕೆ ಕತ್ತಿ ಹಿಡಿಯಬಹುದು. ಅದಕ್ಕಿಂತ ಜಾಣತನದ ದಾರಿಯೂ ಇದೆ. ಈ ಗುರಿಗಳಲ್ಲಿ ಕೆಲವರ ಹಿಂದೆ ಬಿದ್ದ ಇನ್ನೊಬ್ಬ ಬಾಡಿಗೆ ಕೊಲೆಗಾರ ಎತ್ತರದಲ್ಲಿ ಬಂದೂಕು ಹಿಡಿದು ಕಾಯುತ್ತಿರುತ್ತಾನೆ; ಅವರನ್ನು ಅವನ ಕಣ್ಣಿಗೆ ಬೀಳುವಂತೆ ಕರೆತಂದರೆ ನಿಮ್ಮ ಆ ಕೆಲಸವನ್ನು ಅವನೇ ಮುಗಿಸುತ್ತಾನೆ. ನಿಮ್ಮ ಕೈಗೆ ಒಂದು ಹನಿ ರಕ್ತವೂ ಅಂಟುವುದಿಲ್ಲ.

ಅನ್‌ಚಾರ್ಟೆಡ್‌ನಲ್ಲಿ ಹೊಯ್ಸಳರು ಇದ್ದಾರೆ ಅಂದ್ರು. ನಮ್ಮ ಹಳೇಬೀಡೇನಾ?

ಹೆಸರು ಅದೇ, ರೂಪ ಬೇರೆ. 2017ರ ದ ಲಾಸ್ಟ್ ಲೆಗಸಿ ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ನಿಧಿ ಹುಡುಕುವ ಕಥೆ. 2022ರಲ್ಲಿ ಕಂಪ್ಯೂಟರಿಗೂ ಬಂತು. ಆಟದಲ್ಲಿ ಕಾಣುವುದು ಜಲಪಾತದ ನಡುವೆ ಆಕಾಶಕ್ಕೆ ಏರಿ ನಿಂತ ದೈತ್ಯ ಶಿಲ್ಪಗಳು. ನಿಜವಾದ ಹೊಯ್ಸಳ ದೇಗುಲ ಬಳಪದ ಕಲ್ಲಿನಲ್ಲಿ, ನಕ್ಷತ್ರಾಕಾರದ ಜಗತಿಯ ಮೇಲೆ, ನೆಲಕ್ಕೆ ಹತ್ತಿರ ಕೂರುತ್ತದೆ; ಅದರ ಹೆಚ್ಚುಗಾರಿಕೆ ಎತ್ತರದಲ್ಲಲ್ಲ, ಬೆರಳಗಲದ ಕೆತ್ತನೆಯಲ್ಲಿ. ತುಮಕೂರಿನವರು ಅದನ್ನು ನೋಡಲು ಹಾಸನದವರೆಗೂ ಹೋಗಬೇಕಿಲ್ಲ, ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವನ ಗುಡಿಯೇ ಸಾಕು. ಆದರೂ ಎತ್ತರದ ಹುಲ್ಲಿನಲ್ಲಿ ಕೂತು, ಸೈಲೆನ್ಸರ್ ಹಾಕಿದ ಪಿಸ್ತೂಲು ಹಿಡಿದು ಹಾಳು ಮಂಟಪದ ಸುತ್ತ ಕಾವಲಿನವರನ್ನು ಒಬ್ಬೊಬ್ಬರಾಗಿ ತೆಗೆಯುವ ಭಾಗಗಳು ಚೆನ್ನಾಗಿವೆ. ಸಿಕ್ಕಿಬಿದ್ದರೂ ಹುಲ್ಲಿಗೆ ಮರಳಿ ಜಾರಿಕೊಂಡು ಮತ್ತೆ ಮರೆಯಾಗಬಹುದು.

ಸಿಕ್ಕಿಬಿದ್ದ ಪ್ರತಿ ಸಲ ಹಳೇ ಸೇವ್ ಲೋಡ್ ಮಾಡ್ತೀನಿ. ಇದು ಮೋಸನಾ?

ಮೋಸವಲ್ಲ, ಆದರೆ ಎಲ್ಲ ಆಟಕ್ಕೂ ಒಂದೇ ಉತ್ತರವಿಲ್ಲ. ಜರ್ಮನಿಯ ಮಿಮಿಮಿ ಸಂಸ್ಥೆಯ ಶ್ಯಾಡೋ ಟ್ಯಾಕ್ಟಿಕ್ಸ್‌ನಂಥ ಆಟಗಳನ್ನು ಕಟ್ಟಿರುವುದೇ ಹಾಗೆ. ನೀವು ಸೇವ್ ಮಾಡಿ ಎಷ್ಟು ಹೊತ್ತಾಯಿತೆಂದು ಪರದೆಯ ಮೇಲೆ ಗಡಿಯಾರವೇ ನೆನಪಿಸುತ್ತದೆ. ಪ್ರಯತ್ನಿಸಿ, ಕೆಡಿಸಿ, ಮತ್ತೆ ಪ್ರಯತ್ನಿಸುವುದೇ ಅಲ್ಲಿಯ ಆಟ. ಹಿಟ್‌ಮ್ಯಾನ್, ಶ್ಯಾಡೋಸ್‌ಗಳಲ್ಲಿ ಮಾತ್ರ ಹಾಗೆ ಮಾಡಿದರೆ ನಿಮಗೇ ನಷ್ಟ, ಏಕೆಂದರೆ ಆ ಆಟಗಳ ಅತ್ಯುತ್ತಮ ಕ್ಷಣಗಳು ಯೋಜನೆ ಕೆಟ್ಟ ಮೇಲೆ ಬರುತ್ತವೆ. ಅಭ್ಯಾಸ ಬಿಡಿಸಿಕೊಳ್ಳಬೇಕೆಂದರೆ ಹಿಟ್‌ಮ್ಯಾನ್‌ನಲ್ಲಿ 2023ರ ಜನವರಿಯಲ್ಲಿ ಸೇರಿಸಿದ ಫ್ರೀಲ್ಯಾನ್ಸರ್ ಎಂಬ ಭಾಗವನ್ನು ಆಡಿ. ಮಿಷನ್ ನಡುವೆ ಅಲ್ಲಿ ಸೇವ್ ಇಲ್ಲ, ಸತ್ತರೆ ಜೊತೆಗೆ ಒಯ್ದ ಆಯುಧಗಳೂ ಹಣದ ಒಂದು ಪಾಲೂ ಹೋಗುತ್ತವೆ. ಮೊದಮೊದಲು ಸಣ್ಣ ಸಾಮಾನುಗಳನ್ನಷ್ಟೇ ಒಯ್ಯಿರಿ, ಬಾಗಿಲ ಬೀಗ ತೆಗೆಯುವ ಸಲಾಕೆ ಮತ್ತು ಎಸೆಯಲು ಒಂದು ನಾಣ್ಯ ಇದ್ದರೆ ಆರಂಭದ ಮಿಷನ್‌ಗಳಿಗೆ ಧಾರಾಳವಾಯಿತು.